ಹಡಗಿನ ಊಟಕ್ಕೆ ಮೇಲಿಂದ ದುಡ್ಡು: ನಾನು ಎಲ್ಲಿ ಕೊಟ್ಟೆ, ಎಲ್ಲಿ ಬಿಟ್ಟೆ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಕೇಟರಿಂಗ್ ಇದೆ. ಅದಕ್ಕೂ ಮೊದಲು ಕೆಲವು ವರ್ಷ ಕ್ರೂಸ್ ಹಡಗಿನಲ್ಲಿ ವೇಟರ್ ಆಗಿದ್ದೆ. ಮೊದಲು ಎಲ್ಲರೂ ಉಣ್ಣುವ ಮೇನ್ ಡೈನಿಂಗ್ ರೂಮಿನಲ್ಲಿ, ಆಮೇಲೆ ಬೇರೆ ದುಡ್ಡು ಕೊಟ್ಟು ಕೂರುವ ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲಿ. ಈಗ ನಮ್ಮ ಕಡೆಯವರೂ ಸಿಂಗಪುರಕ್ಕೆ ಹೋಗಿ ಕ್ರೂಸ್ ಹತ್ತುತ್ತಾರೆ. ರೈಸ್ ಮಿಲ್ಲಿನವರು, ಡಾಕ್ಟರುಗಳು, ಬಳ್ಳಾರಿಯ ಜೀನ್ಸ್ ಯೂನಿಟ್ಟಿನವರು. ಹೊರಡುವ ಮುಂಚೆ ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಒಂದೇ. "ಟಿಕೆಟ್ಟಿನಾಗ ಊಟ ಐತಲ್ಲಣ್ಣ, ಮತ್ಯಾಕ ರೊಕ್ಕ ಕೊಡಬೇಕು?"

ಕೇಳೋದು ಸರಿಯಾಗೇ ಇದೆ. ಬಫೆ, ರಾತ್ರಿಯ ಡೈನಿಂಗ್ ರೂಮಿನ ಊಟ, ಎಲ್ಲ ಟಿಕೆಟ್ಟಿನಲ್ಲೇ ಬರುತ್ತದೆ. ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲಿ ಆ ಊಟವನ್ನು ಬಿಟ್ಟು, ಮೇಲಿಂದ ಕವರ್ ಚಾರ್ಜ್ ಕೊಟ್ಟು, ಇನ್ನೊಂದು ಊಟ ಮಾಡುತ್ತೀರಿ. ಬಿಟ್ಟ ಊಟದ ದುಡ್ಡು ಯಾರೂ ವಾಪಸ್ ಕೊಡುವುದಿಲ್ಲ.

ಒಂದು ಕಾಲಕ್ಕೆ ಕೊಡುತ್ತಿದ್ದರು ಅನ್ನೋದೇ ತಮಾಷೆ. 1905ರಲ್ಲಿ ಜರ್ಮನಿಯ ಅಮೆರಿಕಾ ಎಂಬ ಹಡಗಿನಲ್ಲಿ ರಿಟ್ಜ್-ಕಾರ್ಲ್‌ಟನ್ ಹೆಸರಿನ ರೆಸ್ಟೋರೆಂಟ್ ಶುರುವಾಯಿತು. 1912ರ ಟೈಟಾನಿಕ್‌ನಲ್ಲೂ ಫಸ್ಟ್ ಕ್ಲಾಸಿನವರಿಗೆ ಬೇರೆ ದುಡ್ಡಿನ ರೆಸ್ಟೋರೆಂಟ್ ಇತ್ತು. ಲುಯಿಜಿ ಗ್ಯಾಟಿ ಎಂಬ ಇಟಲಿಯವನು ಅದನ್ನು ನಡೆಸುತ್ತಿದ್ದ. ಪ್ರಯಾಣ ಪೂರ್ತಿ ಅಲ್ಲೇ ಉಣ್ಣುತ್ತೇನೆ ಅಂದವರಿಗೆ ಟಿಕೆಟ್ಟಿನಲ್ಲಿ ಸ್ವಲ್ಪ ದುಡ್ಡು ಕಡಿಮೆ ಮಾಡುತ್ತಿದ್ದರು. ಆ ಪದ್ಧತಿ ಹೋಯಿತು, ಚಾರ್ಜ್ ಮಾತ್ರ ಉಳಿಯಿತು!

ಹಾಗಾದರೆ ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ? ಒಳಗೆ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಸಿಗೋದು ಅಡುಗೆಯವನ ಸಮಯ ಮತ್ತು ವೇಟರನ ಸಮಯ. ಸಾಮಾನು ಬಹಳ ಬೇರೆ ಅಂದುಕೊಳ್ಳಬೇಡಿ. ಬ್ರೆಡ್ ಹೆಚ್ಚಾಗಿ ಅದೇ ಬೇಕರಿಯದು. ಎಷ್ಟೋ ಸಿಹಿ ತಿಂಡಿಗಳೂ ಅದೇ ಪೇಸ್ಟ್ರಿ ಕಿಚನ್ನಿನಿಂದಲೇ ಬರುತ್ತವೆ.

ಮೇನ್ ಡೈನಿಂಗ್ ರೂಮಿನ ಹಿಂದಿನ ಗ್ಯಾಲಿಯನ್ನು ಒಮ್ಮೆ ನೋಡಬೇಕು ನೀವು. ಹಡಗಿನಲ್ಲಿ ಅಡುಗೆಮನೆಗೆ ಗ್ಯಾಲಿ ಅಂತಾರೆ. ನೂರಾರು ಜನ ಒಂದೇ ಹೊತ್ತಿಗೆ ಬಂದು ಕೂರುತ್ತಾರೆ. ಸಲಾಡ್ ತಟ್ಟೆಗಳು ಸಂಜೆಯೇ ತಯಾರಾಗಿ ಫ್ರಿಡ್ಜಿನಲ್ಲಿ ಸಾಲಾಗಿ ನಿಂತಿರುತ್ತವೆ. ಮೀನು, ಚಿಕನ್, ಪಾಸ್ತಾ ಎಲ್ಲ ದೊಡ್ಡ ಟ್ರೇಗಳಲ್ಲಿ ಬೆಂದು, ಬಿಸಿ ಪೆಟ್ಟಿಗೆಯೊಳಗೆ ಕಾಯುತ್ತಿರುತ್ತವೆ. ನಾವು ವೇಟರುಗಳು ಸಾಲಿನಲ್ಲಿ ನಿಂತು ಒಂದೊಂದು ತಟ್ಟೆಗೂ ಮುಚ್ಚಳ ಹಾಕಿ, ಒಂದರ ಮೇಲೊಂದು ಪೇರಿಸಿ, ಟ್ರೇಯನ್ನು ಹೆಗಲ ಮೇಲಿಟ್ಟು ಓಡಬೇಕು. ಮುಚ್ಚಳದೊಳಗೆ ಹಬೆ ಕಟ್ಟುತ್ತದೆ. ಗರಿಗರಿ ಇದ್ದದ್ದು ಟೇಬಲ್ಲಿಗೆ ಬರುವ ಹೊತ್ತಿಗೆ ಮೆತ್ತಗಾಗುತ್ತದೆ. ನನ್ನ ಪಾಲಿಗೆ ಇಪ್ಪತ್ತಕ್ಕೂ ಜಾಸ್ತಿ ಜನ. ಅವರು ಎದ್ದ ಕೂಡಲೇ ಟೇಬಲ್ ಒರೆಸಿ, ಹೊಸ ಬಟ್ಟೆ ಹಾಸಿ, ಎರಡನೇ ಸಿಟ್ಟಿಂಗಿಗೆ ರೆಡಿ ಆಗಬೇಕು. ಅದು ನಮ್ಮ ಮದುವೆ ಪಂಕ್ತಿ ಇದ್ದ ಹಾಗೆ. ಬಡಿಸುವವನಿಗೆ ನಿಮ್ಮ ಮೇಲೆ ಎಷ್ಟೇ ಪ್ರೀತಿ ಇದ್ದರೂ ನಿಂತು ವಿಚಾರಿಸಲು ಪುರಸೊತ್ತಿಲ್ಲ.

ಸ್ಪೆಷಾಲಿಟಿಗೆ ಹೋದ ಮೇಲೆ ನನ್ನ ಟೇಬಲ್ಲುಗಳೇ ಕಡಿಮೆಯಾದವು. ಅಡುಗೆಮನೆ ಸಣ್ಣದು, ಪಕ್ಕದಲ್ಲೇ. ಆರ್ಡರ್ ಬಂದ ಮೇಲೆ ಬಾಣಲೆ ಇಡುತ್ತಾರೆ. ರಿಸೋಟೊ ಅನ್ನುವ ಇಟಲಿಯ ಅನ್ನ ಇದೆಯಲ್ಲ, ಅದನ್ನು ಇಪ್ಪತ್ತು ನಿಮಿಷ ಹತ್ತಿರ ನಿಂತು, ಸಾರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಬೇಕು. ಸೌಟಿನಿಂದ ತಟ್ಟೆಗೆ ಬಿದ್ದರೆ ತಾನಾಗೇ ಹರಡಬೇಕು. ಹತ್ತು ನಿಮಿಷ ತಡವಾದರೆ ಮುದ್ದೆಯಾಗಿ ಕೂತುಬಿಡುತ್ತದೆ. ನೂರಾರು ಜನರಿಗೆ ಒಂದೇ ಸಲ ಅದನ್ನು ಮಾಡಿ ಬಡಿಸಲು ಯಾರಿಂದಲೂ ಆಗಲ್ಲ. ಇಂಥ ಪದಾರ್ಥಕ್ಕೆ ದುಡ್ಡು ಕೊಟ್ಟರೆ ನ್ಯಾಯ. ಸಾವಿರ ಜನಕ್ಕೆ ಮಾಡಿದರೂ ಚೆನ್ನಾಗೇ ಬರುವ ಪದಾರ್ಥಕ್ಕೆ, ಉದಾಹರಣೆಗೆ ಸೂಪು, ಬೇಯಿಸಿದ ಆಲೂಗಡ್ಡೆ, ಚೀಸ್ ಕೇಕ್, ಯಾಕೆ ಕೊಡಬೇಕು?

ಮನೆಯವರನ್ನು ಕರೆದುಕೊಂಡು ಹೋಗುವಾಗ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ಅವ್ವ, ಹೆಂಡತಿ, ಮಗಳು, ನಾನು. ಅವ್ವ, ಹೆಂಡತಿ ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಮೊದಲು ಕೈಬಿಟ್ಟಿದ್ದು ಸ್ಟೇಕ್ ಹೌಸ್, ಅಂದರೆ ಸುಟ್ಟ ಮಾಂಸದ ತುಂಡುಗಳ ರೆಸ್ಟೋರೆಂಟ್. ಹಡಗಿನಲ್ಲಿ ಅದಕ್ಕೇ ಗಿರಾಕಿ ಜಾಸ್ತಿ. ಆದರೆ ಕವರ್ ಚಾರ್ಜ್ ತಲೆಗೆ ಇಷ್ಟು ಅಂತ ಇರುತ್ತದೆ. ಮಾಂಸ ತಿನ್ನುವವರಿಗೂ ಅಷ್ಟೇ, ತಿನ್ನದವರಿಗೂ ಅಷ್ಟೇ. ಸಸ್ಯಾಹಾರಿಗಳ ತಟ್ಟೆಗೆ ಕಡೆಗೆ ಬರೋದು ಒಂದು ದೊಡ್ಡ ಅಣಬೆ, ನಾಲ್ಕು ಕಡ್ಡಿ ಆಸ್ಪರಾಗಸ್, ಪಾಲಕ್. ನಾನೇ ಎಷ್ಟೋ ಗುಜರಾತಿ ಕುಟುಂಬಗಳಿಗೆ ಹಾಗೆ ಬಡಿಸಿದ್ದೇನೆ. ಬಡಿಸುವಾಗ ನನಗೇ ಒಂಥರಾ ಆಗುತ್ತಿತ್ತು.

ಲೆಕ್ಕ ಹೀಗಿರುತ್ತದೆ ನೋಡಿ. ಕವರ್ ಚಾರ್ಜ್ 50 ಡಾಲರ್ ಅಂದುಕೊಳ್ಳಿ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಅದರ ಮೇಲೆ 18% ಟಿಪ್ಸ್ ತಾನಾಗೇ ಸೇರುತ್ತದೆ, ನಾರ್ವೇಜಿಯನ್‌ನಲ್ಲಿ 20%. ಅಲ್ಲಿಗೆ 59 ಅಥವಾ 60 ಡಾಲರ್ ಆಯಿತು. ಡಾಲರಿಗೆ 85 ರೂಪಾಯಿ ಹಿಡಿದರೂ ಇಬ್ಬರಿಗೆ ಹತ್ತು ಸಾವಿರ ದಾಟಿತು. ಕುಡಿಯುವುದು ಬೇರೆ. ನಮ್ಮ ಎಷ್ಟೋ ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ ಹಾಕುವ ಮಾರ್ಕಪ್ ಇನ್ನೂ ಬೇರೆ. ಅಷ್ಟು ದುಡ್ಡಿಗೆ ಅಣಬೆ ತಿನ್ನೋದಾ?

ನಾವು ಹೋಗಿದ್ದು ಇಟಾಲಿಯನ್‌ಗೆ, ಒಂದೇ ಒಂದು ರಾತ್ರಿ. ಸಸ್ಯಾಹಾರಿಗಳು ಪೂರ್ತಿ ದುಡ್ಡಿನ ಊಟ ಮಾಡಬಹುದಾದ ಜಾಗ ಅಂದರೆ ಅದೇ. ಆದರೂ ಅಲ್ಲಿ ಕೇಳಿ ತಿನ್ನಬೇಕು. ರಿಸೋಟೊಗೆ ಚಿಕನ್ ಸಾರು ಹಾಕಿರಬಹುದು. ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ ಆಂಚೊವಿ ಅನ್ನುವ ಮೀನಿರುತ್ತದೆ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಸಿಹಿಗಳಲ್ಲೂ ಅಷ್ಟೇ, ತಿರಾಮಿಸುನಲ್ಲಿ ಮೊಟ್ಟೆ, ಪನ್ನಾ ಕೊಟ್ಟಾದಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಜೆಲಾಟಿನ್. ಜಪಾನಿ ರೆಸ್ಟೋರೆಂಟಿನಲ್ಲಾದರೆ ಮಿಸೊ ಸೂಪಿನಲ್ಲೇ ಮೀನಿನ ಸಾರು. ಇದನ್ನೆಲ್ಲ ಕೇಳಿದರೆ ವೇಟರಿಗೆ ಬೇಜಾರಾಗಲ್ಲ, ಸಂಕೋಚ ಬೇಡ. ಕೂತ ಮೇಲೆ ಕೇಳುವುದಕ್ಕಿಂತ ಬುಕ್ ಮಾಡುವಾಗಲೇ ಹೇಳಿದರೆ ತರಕಾರಿ ಸಾರು ಎತ್ತಿಡುತ್ತಾರೆ. ನಾನು ಹಾಗೇ ಮಾಡಿದೆ. ಹೆಂಡತಿಗೆ ರಿಸೋಟೊ ಬಹಳ ಹಿಡಿಸಿತು. ಅವ್ವ ಎರಡು ಚಮಚ ತಿಂದು, "ಇದು ನಮ್ಮ ಸೋನಾ ಮಸೂರಿ ಅನ್ನಕ್ಕ ತುಪ್ಪ ಹಾಕಿ ಕಲಸಿದಂಗ ಐತಿ. ಇದಕ್ಕ ಎಷ್ಟು ಕೊಟ್ಟಿಯೋ?" ಅಂದಳು. ನಾನು ರೇಟು ಹೇಳಲಿಲ್ಲ.

ಅವ್ವನಿಗೆ ಹಿಡಿಸಿದ ಊಟಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೇನ್ ಡೈನಿಂಗ್ ರೂಮಿನಲ್ಲಿ ಮೊದಲ ರಾತ್ರಿಯೇ ಹೆಡ್ ವೇಟರನ್ನು ಕರೆದು, ನಾಳೆಯಿಂದ ಇಂಡಿಯನ್ ವೆಜಿಟೇರಿಯನ್ ಬೇಕು ಅಂತ ಹೇಳಿಬಿಡಿ. ದೊಡ್ಡ ಹಡಗುಗಳ ಗ್ಯಾಲಿಯಲ್ಲಿ ನಮ್ಮ ದೇಶದ ಅಡುಗೆಯವರು ಇದ್ದೇ ಇರುತ್ತಾರೆ. ದಾಲ್, ಅನ್ನ, ಒಂದು ಪಲ್ಯ, ಹಪ್ಪಳ ಮಾಡಿ ಕಳಿಸುತ್ತಾರೆ. ನಮಗೆ ಮಾಡಿದ ಹುಡುಗ ಎರಡನೇ ದಿನ ಹೊರಗೆ ಬಂದು ಖಾರ ಸಾಕಾ ಅಂತ ಅವ್ವನನ್ನು ಕೇಳಿ ಹೋದ. ರೊಟ್ಟಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಬೆಂಕಿಯ ಭಯಕ್ಕೆ ಅಲ್ಲಿ ಗ್ಯಾಸಿನ ಉರಿ ಇಡಲ್ಲ, ಕರೆಂಟಿನ ಒಲೆಗಳೇ. ಕೆಂಡದ ಮೇಲೆ ಉಬ್ಬಿಸಿದ ಜೋಳದ ರೊಟ್ಟಿ ಅಲ್ಲಿ ಹುಟ್ಟೋದಿಲ್ಲ. ಬೇಕಿದ್ದರೆ ಅಂಗಡಿಯ ಸೀಲ್ ಇರುವ ಶೇಂಗಾ ಚಟ್ನಿಪುಡಿ ಒಯ್ಯಿರಿ. ಹಾಗೇ, ಸಿಂಗಪುರಕ್ಕೆ ಗಸಗಸೆ ಇರುವ ಯಾವುದನ್ನೂ ಒಯ್ಯಬೇಡಿ. ಅಲ್ಲಿ ಅದಕ್ಕೆ ನಿಷೇಧ ಇದೆ.

ಯಾವ ರಾತ್ರಿ ಹೋಗಬೇಕು ಅನ್ನೋದು ರೇಟಿನಷ್ಟೇ ಮುಖ್ಯ. ಮೊದಲ ರಾತ್ರಿ ಸ್ಪೆಷಾಲಿಟಿ ಖಾಲಿ ಹೊಡೆಯುತ್ತಿರುತ್ತದೆ. ಎಲ್ಲರಿಗೂ ಮೊದಲು ಪುಕ್ಕಟೆ ಊಟ ನೋಡುವ ಆಸೆ, ಅಲ್ವಾ? ಹಡಗು ಹತ್ತಿದ ಮಧ್ಯಾಹ್ನವೇ ಬಫೆ ಬಾಗಿಲಲ್ಲಿ ಮೇಜು ಹಾಕಿ, ನಗುನಗುತ್ತಾ ರಿಯಾಯಿತಿ ಮಾರುತ್ತಾರೆ. ಆ ಮೇಜಿನ ಹಿಂದೆ ನಾನೂ ನಿಂತವನೇ. ನಾವು ಅಲ್ಲೇ ಬುಕ್ ಮಾಡಿದೆವು. ದೂರದ ಪ್ರಯಾಣವಾದರೆ ಸಮುದ್ರದಲ್ಲೇ ಕಳೆಯುವ ದಿನದ ಮಧ್ಯಾಹ್ನದ ಊಟವನ್ನೂ ನೋಡಿ. ಎಷ್ಟೋ ಕಡೆ ಅದೇ ಅಡುಗೆ, ರೇಟು ರಾತ್ರಿಗಿಂತ ಕಡಿಮೆ. ಮಾಂಸಾಹಾರಿಗಳಿಗೆ ಇನ್ನೊಂದು ಮಾತು. ವಾರದ ಪ್ರಯಾಣದಲ್ಲಿ ಕೋಟು ಟೈ ಹಾಕುವ ಫಾರ್ಮಲ್ ನೈಟ್ ಬರುತ್ತದೆ. ಎಷ್ಟೋ ಹಡಗುಗಳಲ್ಲಿ ಅವತ್ತು ಡೈನಿಂಗ್ ರೂಮಿನಲ್ಲೇ ಲಾಬ್‌ಸ್ಟರ್ ಅನ್ನುವ ದುಬಾರಿ ಸಮುದ್ರ ಸಿಗಡಿ ಕೊಡುತ್ತಾರೆ. ಅಂಥ ರಾತ್ರಿ ಬೇರೆ ಕಡೆ ದುಡ್ಡು ಕೊಟ್ಟು ಕೂತರೆ ಎರಡು ಕಡೆ ನಷ್ಟ.

ಸಿಂಗಪುರದಿಂದ ಹೊರಡುವ ಸಣ್ಣ ಟ್ರಿಪ್ಪುಗಳು ಮೂರೋ ನಾಲ್ಕೋ ರಾತ್ರಿಯವು. ಇರುವ ಮೂರು ಊಟದಲ್ಲಿ ಎರಡನ್ನು ದುಡ್ಡು ಕೊಟ್ಟು ಬದಲಾಯಿಸೋದು ನನಗೆ ಸರಿ ಕಾಣಲ್ಲ. ಪುಕ್ಕಟೆ ಊಟ ಬೇಜಾರಾಗೋದಕ್ಕೆ ಹತ್ತು ಹನ್ನೆರಡು ದಿನವಾದರೂ ಬೇಕು. ಎಲ್ಲ ರೆಸ್ಟೋರೆಂಟೂ ಸೇರಿದ ಡೈನಿಂಗ್ ಪ್ಯಾಕೇಜುಗಳು ಅಂಥ ಉದ್ದದ ಪ್ರಯಾಣಕ್ಕೆ ಸರಿ. ಮಕ್ಕಳಿದ್ದರೆ ಅದೂ ಬೇಡ. ಒಂದೊಂದು ಊಟಕ್ಕೆ ಎರಡು ತಾಸು ಹಿಡಿಯುತ್ತದೆ. ನನ್ನ ಮಗಳು ಅರ್ಧ ಊಟಕ್ಕೇ ಕುರ್ಚಿಯ ಕೆಳಗೆ ಇಳಿದಿದ್ದಳು.

ಶೆಫ್ಸ್ ಟೇಬಲ್ ಅಂತ ಇನ್ನೊಂದಿದೆ. ಹತ್ತು ಹದಿನೈದು ಜನ ಮಾತ್ರ, ಒಂದೊಂದು ಪದಾರ್ಥಕ್ಕೂ ಒಂದೊಂದು ವೈನ್. ಆ ರೇಟಿನಲ್ಲಿ ದೊಡ್ಡ ಪಾಲು ವೈನಿನದು. ಕುಡಿಯದವರಿಗೆ ಕಡಿಮೆ ಮಾಡಿದ್ದು ನಾನು ನೋಡಿಲ್ಲ. ಕುಡಿಯುವವರು ಹೋಗಲಿ, ಅದು ನಿಜಕ್ಕೂ ಚೆನ್ನಾಗಿರುತ್ತದೆ.

ಇನ್ನು ನಿಜವಾದ ಐಷಾರಾಮಿ ಹಡಗುಗಳ ಮಾತು. ಗಂಗಾವತಿಯ ಗದ್ದೆ ಮಾರಬೇಕು ಅನ್ನುವಂಥ ಟಿಕೆಟ್ಟಿನವು. ರೀಜೆಂಟ್ ಸೆವೆನ್ ಸೀಸ್, ಓಶಿಯಾನಿಯಾ ಕಂಪನಿಗಳಲ್ಲಿ ಸ್ಪೆಷಾಲಿಟಿ ರೆಸ್ಟೋರೆಂಟುಗಳೂ ಟಿಕೆಟ್ಟಿನಲ್ಲೇ ಸೇರಿವೆ. ಸಿಲ್ವರ್‌ಸೀ ಕಂಪನಿಯಲ್ಲಿ ಹೆಚ್ಚಿನವು ಸೇರಿದ್ದರೂ ಲಾ ಡೇಮ್ ಎಂಬ ಫ್ರೆಂಚ್ ರೆಸ್ಟೋರೆಂಟಿಗೆ ಮೇಲಿಂದ ತಗೊಳ್ಳುತ್ತಾರೆ. ಎಲ್ಲ ಸೇರಿದೆ ಅಂತ ಟಿಕೆಟ್ ಮಾರಿ, ಒಳಗೆ ಇನ್ನೊಂದು ಬಾಗಿಲಿಗೆ ಬೀಗ ಹಾಕೋದು ನನಗೆ ಹಿಡಿಸಲ್ಲ. ಹಾಗೆ ನೋಡಿದರೆ ಇಂಥ ಹಡಗಿನಲ್ಲಿ ಸಾಮಾನ್ಯ ಡೈನಿಂಗ್ ರೂಮೇ ಬೇರೆ ಹಡಗಿನ ಸ್ಪೆಷಾಲಿಟಿಯಂತೆ ನಡೆಯುತ್ತದೆ. ಜನ ಕಡಿಮೆ, ಅಡುಗೆ ಆರ್ಡರ್ ಬಂದ ಮೇಲೆ. ಸಮಯ ಅಲ್ಲಿ ಮೊದಲೇ ನಿಮ್ಮದು, ಅದನ್ನು ಮತ್ತೆ ಯಾಕೆ ಕೊಳ್ಳಬೇಕು? ಸಾಮಾನ್ಯ ಹಡಗಿನಲ್ಲಿ ಒಂದು ರಾತ್ರಿ ದುಡ್ಡು ಕೊಡಿ ಅಂತ ಹೇಳುವ ನಾನೇ ಇಲ್ಲಿ ಬೇಡ ಅಂತೀನಿ.

ಬುಕ್ಕಿಂಗನ್ನು ಮನೆಯಿಂದಲೇ ಮಾಡಿದರೆ ಎಷ್ಟೋ ಸಲ ಹಡಗಿನ ರೇಟಿಗಿಂತ ಕಡಿಮೆ ಸಿಗುತ್ತದೆ. ಹತ್ತುವ ತನಕ ಆ್ಯಪಿನಲ್ಲಿ ರೇಟು ಮೇಲೆ ಕೆಳಗೆ ಆಗುತ್ತಿರುತ್ತದೆ, ನೋಡುತ್ತಿರಿ. ಏಜೆಂಟ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನಲ್ಲೇ ಖರ್ಚು ಮಾಡಬೇಕಾದ ಜಮೆ ಹಣ, ಕೊಟ್ಟಿದ್ದರೆ ಈ ಊಟಕ್ಕೆ ಅದನ್ನೇ ಬಳಸಿ.

ಊಟ ಮುಗಿದ ಮೇಲೆ ಬಿಲ್ ತರುತ್ತಾರೆ. ಟಿಪ್ಸ್ ಅದರಲ್ಲಿ ಸೇರಿರುತ್ತದೆ. ಆದರೂ ಕೆಳಗೆ ಇನ್ನೊಂದು ಖಾಲಿ ಗೆರೆ ಇರುತ್ತದೆ, ಇನ್ನಷ್ಟು ಟಿಪ್ಸ್ ಬರೆಯಲಿ ಅಂತ. ನಾಚಿಕೆ ಇಲ್ಲದೆ ಗೆರೆ ಹೊಡೆದು ಸಹಿ ಮಾಡಿ. ವೇಟರ್ ಚೆನ್ನಾಗಿ ನೋಡಿಕೊಂಡಿದ್ದರೆ ಬ್ಯಾಡ್ಜ್ ನೋಡಿ ಹೆಸರು ಬರೆದುಕೊಳ್ಳಿ. ಪ್ರಯಾಣ ಮುಗಿದ ಮೇಲೆ ಬರುವ ಕಮೆಂಟ್ ಫಾರ್ಮಿನಲ್ಲಿ ಆ ಹೆಸರು ಹಾಕಿ. ಮುಂದಿನ ಕಾಂಟ್ರಾಕ್ಟು, ಪ್ರಮೋಷನ್ನು ಬಂದಾಗ ಮೇಲಿನವರು ಅದನ್ನು ನೋಡುತ್ತಾರೆ. ಮೇನ್ ಡೈನಿಂಗ್ ರೂಮಿನಿಂದ ನಾನು ಸ್ಪೆಷಾಲಿಟಿಗೆ ಹೋಗಿದ್ದೂ ಹಾಗೆ ಬರೆದವರಿಂದಲೇ.