ನಮ್ಮ ಬೀದಿಗೆ ಸಿಸಿ ರಸ್ತೆ ಬಂದಾಗ ನಾವು ಮಾಡಿದ್ದು

ಕೋಲಾರ ಜಿಲ್ಲೆಯ ಒಂದು ಪಟ್ಟಣದಲ್ಲಿ ನನ್ನದೊಂದು ಸಣ್ಣ ಹಿಟ್ಟಿನ ಗಿರಣಿ ಇದೆ. ಊರ ಹೆಸರು ಬೇಡ, ಎಲ್ಲರ ಜೊತೆ ನಾಳೆಯೂ ಬಾಳಬೇಕಲ್ವಾ. ಹೋದ ವರ್ಷ ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಆಯಿತು. ಮನೆಗಳ ಹೊಸ್ತಿಲಿಗಿಂತ ಕೆಳಗೇ ಉಳಿಯಿತು. ನಮ್ಮ ಕಡೆ ಅದೇ ಸುದ್ದಿ! ಹಿಂದಿನ ಬೀದಿಯಲ್ಲಿ ಹಳೇ ಡಾಂಬರಿನ ಮೇಲೆಯೇ ಕಾಂಕ್ರೀಟ್ ಸುರಿದು ಹೋಗಿದ್ದರು, ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಇಳಿದು ಹೋಗಬೇಕು, ಜೋರು ಮಳೆ ಬಂದರೆ ನಡುಮನೆಗೆ ಚರಂಡಿ ನೀರು.

ನಾನು ಕಂಡಂತೆ ಕೆಲಸ ಶುರುವಾದ ಮೇಲೆ ಮಾಡುವ ಗಲಾಟೆಯಿಂದ ಏನೂ ಆಗುವುದಿಲ್ಲ. ಕಾಂಕ್ರೀಟ್ ಕಲಸುವ ಮಿಲ್ಲರ್ ತಿರುಗಲು ಶುರುವಾದರೆ ಮುಗಿಯಿತು, ಸಿಮೆಂಟ್ ಕಲಸಿಬಿಟ್ಟಿದ್ದಾರೆ, ಮೇಸ್ತ್ರಿ ನಿಲ್ಲಿಸು ಅಂದರೆ ನಿಲ್ಲಿಸುವುದಿಲ್ಲ. ಇಂಜಿನಿಯರ್ ಬರುವಷ್ಟರಲ್ಲಿ ಅರ್ಧ ಬೀದಿ ಮುಗಿದಿರುತ್ತದೆ. ಅದಕ್ಕೇ ಗುದ್ದಲಿ ಪೂಜೆ ಆದ ತಕ್ಷಣ, ಆ ಮಂಡಕ್ಕಿ, ಸ್ವೀಟು ಎಲ್ಲ ಮುಗಿಯುವ ಮೊದಲೇ, ಎಸ್ಟಿಮೇಟ್, ಅಂದರೆ ಕೆಲಸದ ಅಂದಾಜು ಪಟ್ಟಿ, ಕೇಳಬೇಕು.

ಮೊದಲು ದುಡ್ಡು ಯಾವ ಲೆಕ್ಕದಿಂದ ಬರುತ್ತಿದೆ ಅಂತ ತಿಳಿದುಕೊಳ್ಳಿ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನವೋ, ಪಟ್ಟಣಗಳ ಅಭಿವೃದ್ಧಿಗೆ ರಾಜ್ಯ ಕೊಡುವ ನಗರೋತ್ಥಾನವೋ, ಕೇಂದ್ರದ ಹಣಕಾಸು ಆಯೋಗದ್ದೋ ಅಂತ. 2026ರ ಮಾರ್ಚ್ ತನಕದ 15ನೇ ಆಯೋಗದ ದುಡ್ಡಿನಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು, ರಸ್ತೆಗೆ ಉಳಿದಿದ್ದರಲ್ಲಿ ಪಾಲು. ಯೋಜನೆಯ ಹೆಸರು ಗೊತ್ತಿಲ್ಲದೆ ಪುರಸಭೆಗೆ ಹೋದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುತ್ತಲೇ ಇರುತ್ತಾರೆ. ನಮ್ಮ ವಾರ್ಡ್ ಸದಸ್ಯರನ್ನು ಕೇಳಿದೆ, ಒಂದೇ ಮಾತಲ್ಲಿ ಹೇಳಿದರು. ಸದಸ್ಯರ ಮೇಲೆ ಎಲ್ಲರಿಗೂ ಸಿಟ್ಟಿರುತ್ತದೆ, ಆದರೆ ಮರ್ಯಾದೆಯಿಂದ ಕೇಳಿದರೆ ಇಂಥ ಮಾಹಿತಿ ಅವರ ಹತ್ತಿರವೇ ಬೇಗ ಸಿಗುವುದು.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಜನ ಎಡವುವುದು ಇಲ್ಲೇ. ಊರಿನ ಎಲ್ಲ ಕಷ್ಟ ಒಂದೇ ಹಾಳೆಯಲ್ಲಿ ಬರೆಯುತ್ತಾರೆ, ಅದು ವಾಪಸ್ ಬರುತ್ತದೆ. ನಾನು ಮೂರೇ ಕಾಗದ ಕೇಳಿದೆ: ಎಸ್ಟಿಮೇಟ್, ನಕ್ಷೆ, ಗುತ್ತಿಗೆದಾರನಿಗೆ ಕೊಟ್ಟ ಕಾರ್ಯಾದೇಶ. ಉತ್ತರಕ್ಕೆ 30 ದಿನ ಸಮಯ ಇರುತ್ತದೆ, ಅಷ್ಟರಲ್ಲಿ ರಸ್ತೆಯೇ ಮುಗಿದು ಹೋಗಬಹುದು. ಹಾಗಾಗಿ ಜೊತೆಗೇ 'ಕಡತ ಪರಿಶೀಲನೆಗೆ ಅವಕಾಶ ಕೊಡಿ' ಅಂತಲೂ ಬರೆದೆ. 2005ರ ಕಾಯ್ದೆಯ 2(ಜೆ) ಓದಿ ನೋಡಿ, ಕಾಗದ ನೋಡುವ ಹಕ್ಕಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸುವ ಸಾಮಾನಿನ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಆ ಸಾಲನ್ನು ಅರ್ಜಿಯಲ್ಲಿ ನೋಡಿದ ಮೇಲೆ ಗುಮಾಸ್ತರ ಮಾತಿನ ಧಾಟಿಯೇ ಬದಲಾಯಿತು. "ಬನ್ನಿ ಮೇಡಂ, ಫೈಲ್ ನೋಡ್ಕೊಳ್ಳಿ" ಅಂದರು.

ಎಸ್ಟಿಮೇಟ್ ಓದಲು ಇಂಜಿನಿಯರ್ ಆಗಬೇಕಿಲ್ಲ. ಸಾಲು ಸಾಲಾಗಿ ಕೆಲಸ, ಅಳತೆ, ದರ, ಮೊತ್ತ, ಅಷ್ಟೇ. ನಮ್ಮದರಲ್ಲಿ ಮೊದಲ ಸಾಲೇ ಹಳೇ ರಸ್ತೆ ಅಗೆದು ಸಾಗಿಸುವುದು. ಅದಕ್ಕೆ ದುಡ್ಡಿಟ್ಟಿದ್ದಾರೆ! ಅಗೆಯದೆ ಮೇಲೆಯೇ ಹಾಕಿದರೆ ನಮ್ಮ ಮನೆಯೂ ಹಳ್ಳಕ್ಕೆ, ಅಗೆದಂತೆ ಬಿಲ್ಲೂ ಆಗಿಬಿಡುತ್ತದೆ. ಆ ಪುಟದ ಜೆರಾಕ್ಸ್ ತಂದು ಗಿರಣಿಯ ಗೋಡೆಗೆ ಅಂಟಿಸಿದೆ. ರಾಗಿ ಬೀಸಿಸಲು ಬಂದವರೆಲ್ಲ ಓದಿದರು, ಓದಲು ಬಾರದವರಿಗೆ ಮಕ್ಕಳು ಓದಿ ಹೇಳಿದರು. ಅಗೆದೇ ರಸ್ತೆ ಹಾಕಿ ಅಂತ ಪುರಸಭೆಗೆ ಕೊಡುವ ಮನವಿಗೆ ಸಹಿ ಹಾಕಿಸಲು ನಾನು ಯಾರ ಮನೆಗೂ ಹೋಗಬೇಕಾಗಲಿಲ್ಲ.

ಮಟ್ಟದ ವಿಷಯ ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಗಾರೆ ಕೆಲಸದವರಿದ್ದಾರೆ. ಅವರು ನೀರು ತುಂಬಿದ ಪ್ಲಾಸ್ಟಿಕ್ ಪೈಪ್ ಹಿಡಿದು ಬೀದಿಯ ತುದಿಯಿಂದ ತುದಿಗೆ ಮಟ್ಟ ನೋಡಿದರು, ಒಂದೊಂದು ಕಾಂಪೌಂಡಿಗೂ ಕೆಂಪು ಪೇಂಟಿನಲ್ಲಿ ಗೆರೆ ಹಾಕಿದೆವು. ರಸ್ತೆ ಈ ಗೆರೆ ದಾಟಬಾರದು. ಜೂನಿಯರ್ ಇಂಜಿನಿಯರನ್ನು ಕರೆಸಿ ಗೆರೆ ತೋರಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು. ಜೆಸಿಬಿ ಬಂದ ದಿನ ಮೇಸ್ತ್ರಿ ಮೇಲುಮೇಲೆ ಕೆರೆದು ಮುಗಿಸುವ ಅಂದಾಜಿನಲ್ಲಿದ್ದ. ಎಸ್ಟಿಮೇಟಿನ ಪುಟ ಹಿಡಿದು ನಾನು ಹೋಗಿ ನಿಂತೆ.

"ಏನಕ್ಕಾ, ನೀವೇನು ಇಂಜಿನಿಯರಾ?"

"ಇಲ್ಲಪ್ಪಾ, ರಾಗಿ ಬೀಸೋಳು. ಅಗೀಬೇಕು ಅಂತ ಇದರಲ್ಲಿ ಬರೆದಿದೆ, ಅಷ್ಟೇ."

ಅಗೆದರು.

ನಿಜ ಹೇಳಬೇಕೆಂದರೆ ಗುತ್ತಿಗೆದಾರನಿಗಿಂತ ನಮ್ಮವರ ಜೊತೆಯೇ ಜಗಳ ಜಾಸ್ತಿ ಆಯಿತು. ಚರಂಡಿ ಮೇಲೆ ಕಲ್ಲುಚಪ್ಪಡಿ ಹಾಕಿ, ಅದರ ಮೇಲೆ ಮೆಟ್ಟಿಲು, ಮೆಟ್ಟಿಲಿನಿಂದ ಮುಂದಕ್ಕೆ ಬೈಕ್ ಹತ್ತಿಸಲು ಇಳಿಜಾರು, ಹೀಗೆ ಒಂದೊಂದು ಮನೆಯವರೂ ಒಂದೆರಡು ಅಡಿ ಬೀದಿಯನ್ನು ನುಂಗಿದ್ದರು. ರಸ್ತೆ ಅಗಲ ಬೇಕು, ಆದರೆ ನಮ್ಮ ಮೆಟ್ಟಿಲು ಮುಟ್ಟಬಾರದು. ಒಬ್ಬರು ಹಿರಿಯರು ಗಿರಣಿಗೇ ಬಂದು ಕೂಗಾಡಿದರು. "ನಿಮ್ಮ ಮೆಟ್ಟಿಲು ನಾನ್ಯಾಕೆ ಮುಟ್ಟಲಿ ಚಿಕ್ಕಪ್ಪಾ, ಬರ್ತಿರೋದು ಜೆಸಿಬಿ" ಅಂದೆ. ಕೊನೆಗೆ ಆಗಿದ್ದಿಷ್ಟು: ಚರಂಡಿಯ ಗೋಡೆಯಿಂದ ಆಚೆ ಇದ್ದಿದ್ದನ್ನೆಲ್ಲ ತೆಗೆಯುವುದು, ತೆಗೆದ ಚಪ್ಪಡಿಗಳನ್ನು ಅವರವರಿಗೇ ಕೊಡುವುದು. ಇಬ್ಬರು ಇವತ್ತಿಗೂ ನನ್ನ ಗಿರಣಿಗೆ ಬರುವುದಿಲ್ಲ, ಬೇರೆ ಕಡೆ ಬೀಸಿಸುತ್ತಾರೆ.

ರಸ್ತೆ ಹಾಕುವ ಮೊದಲೇ ನೆಲದ ಕೆಳಗಿನ ಕೆಲಸ ಮುಗಿಸಿಕೊಳ್ಳಿ. ಹಳೇ ನಲ್ಲಿ ಪೈಪ್ ಬದಲಾಯಿಸುವವರು, ಯುಜಿಡಿ (ಒಳಚರಂಡಿ) ಸಂಪರ್ಕ ಇಲ್ಲದವರು ಎಲ್ಲರೂ ಆಗಲೇ ಮಾಡಿಕೊಳ್ಳಬೇಕು. ಆಮೇಲೆ ಅಂದರೆ ಅನುಮತಿ, ಶುಲ್ಕ, ಮೇಲಾಗಿ ಹೊಸ ರಸ್ತೆಗೆ ಗರಗಸ. ನಾವು ಇನ್ನೊಂದು ಕೆಲಸ ಮಾಡಿದೆವು, ಇದನ್ನು ಎಲ್ಲರಿಗೂ ಹೇಳುತ್ತೇನೆ: ಕೆಲವು ಮನೆಗಳಿಗೊಂದರಂತೆ ರಸ್ತೆಗೆ ಅಡ್ಡಲಾಗಿ ಖಾಲಿ ಪಿವಿಸಿ ಪೈಪ್ ಹೂತು, ಎರಡು ತುದಿಗೂ ಮುಚ್ಚಳ ಹಾಕಿ, ಎಲ್ಲಿದೆ ಅಂತ ಗೋಡೆ ಮೇಲೆ ಗುರುತು ಮಾಡಿದೆವು. ಖರ್ಚು ನಾವೇ ಹಂಚಿಕೊಂಡೆವು. ಮುಂದೆ ಯಾರಿಗಾದರೂ ನೀರಿನ ಲೈನೋ ಕೇಬಲ್ಲೋ ಬೇಕಾದರೆ ಅದರೊಳಗೆ ತೂರಿಸಿದರಾಯಿತು.

ಕಾಂಕ್ರೀಟ್ ಹಾಕುವ ದಿನ ನೋಡಬೇಕಾದದ್ದು ಕೆಲವೇ. ನಮ್ಮ ಎಸ್ಟಿಮೇಟಿನಲ್ಲಿ ಎಂ 30 (ಕಾಂಕ್ರೀಟಿನ ಬಲದ ದರ್ಜೆ) ಕಾಂಕ್ರೀಟ್, 15 ಸೆಂ.ಮೀ ದಪ್ಪ. ದಪ್ಪವನ್ನು ಅಂಚಿಗೆ ನಿಲ್ಲಿಸಿದ ಕಬ್ಬಿಣದ ಚಾನಲ್ ಹತ್ತಿರ ಟೇಪ್ ಹಿಡಿದರೆ ಯಾರು ಬೇಕಾದರೂ ಅಳೆಯಬಹುದು. ನಡು ಸ್ವಲ್ಪ ಉಬ್ಬಿರಬೇಕು. ಸಿಮೆಂಟ್ ರಸ್ತೆಗೆ ಸುಮಾರು ಶೇ 2ರ ಇಳಿಜಾರು, ಅಂದರೆ 4 ಮೀಟರ್ ಅಗಲದ ಬೀದಿಯಲ್ಲಿ ಅಂಚಿಗಿಂತ ನಡು 4 ಸೆಂ.ಮೀ ಎತ್ತರ. ಅಡ್ಡಕ್ಕೆ ದಾರ ಎಳೆದರೆ ಗೊತ್ತಾಗುತ್ತದೆ. 15 ಸೆಂ.ಮೀ ಕ್ಯೂಬ್ ಅಚ್ಚುಗಳಿಗೆ ನಮ್ಮ ಕಣ್ಣೆದುರೇ ಕಾಂಕ್ರೀಟ್ ತುಂಬಿಸಿ ಅಂತ ಕೇಳಿದೆವು, ಅವುಗಳನ್ನೇ 7 ಮತ್ತು 28ನೇ ದಿನ ಲ್ಯಾಬಿನಲ್ಲಿ ಒಡೆದು ನೋಡುವುದು. ಜಾಯಿಂಟ್ ಕಟಿಂಗ್, ಅಂದರೆ ರಸ್ತೆಗೆ ಅಡ್ಡಲಾಗಿ ಗರಗಸದಿಂದ ಗೆರೆ ಕೊಯ್ಯುವುದು, ಒಂದು ದಿನದೊಳಗೆ ಆಗಬೇಕು, ಸುಮಾರು 4 ಮೀಟರಿಗೊಂದು, ಆಳ ದಪ್ಪದ ಕಾಲು ಭಾಗಕ್ಕಿಂತ ಕಮ್ಮಿ ಇರಬಾರದು. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಬಿರುಕು ಬಿಟ್ಟೇ ಬಿಡುತ್ತದೆ, ಆ ಬಿರುಕು ನಾವು ಕೊಯ್ದ ಗೆರೆಯಲ್ಲೇ ಬರಲಿ ಅಂತ ಇದು. ತಡವಾಗಿ ಕೊಯ್ದರೆ ಪ್ರಯೋಜನ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ರಸ್ತೆ ಕೆಡುವುದು ಹೆಚ್ಚಾಗಿ ನೀರಿನಿಂದಲೇ, ಅಂದರೆ ನೀರು ಹೊಡೆಯದೆ. ಕನಿಷ್ಠ 14 ದಿನ ಒದ್ದೆ ಇರಬೇಕು. 7 ದಿನಕ್ಕೆ ಕಾಂಕ್ರೀಟಿಗೆ ಬರುವುದು ಮೂರರಲ್ಲಿ ಎರಡು ಭಾಗದಷ್ಟು ಬಲ ಮಾತ್ರ. ಆದರೆ ವರ್ಷಪೂರ್ತಿ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ ಇದು. 2018ರಿಂದ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುತ್ತಿರುವುದು ಕೆರೆಗಳಿಗೆ, ಅಂತರ್ಜಲ ಏರಲಿ ಅಂತ, ನಲ್ಲಿಗಲ್ಲ. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಬೇಸಿಗೆ ಕಳೆಯುವ ಊರಲ್ಲಿ ರಸ್ತೆಗೆ ಯಾರು ನೀರು ಹಾಕುತ್ತಾರೆ? ಗುತ್ತಿಗೆದಾರ ಹಾಕಬೇಕು, ಹೀಗೆ ನೀರು ಹೊಡೆಯುವ ಕ್ಯೂರಿಂಗ್ ಖರ್ಚು ಅವನ ದರದಲ್ಲೇ ಸೇರಿದೆ. ಮೊದಲ ಎರಡು ದಿನ ಟ್ಯಾಂಕರ್ ಬಂತು, ಆಮೇಲೆ ನಾಪತ್ತೆ. ಮುಖ್ಯಾಧಿಕಾರಿಗಳಿಗೆ ಒಣಗಿದ ರಸ್ತೆಯ ಫೋಟೊ, ಹೊತ್ತು ಕಾಣುವ ಹಾಗೆ, ಬೆಳಿಗ್ಗೆ ಒಂದು ಸಂಜೆ ಒಂದು ಕಳಿಸುತ್ತಾ ಹೋದೆವು. ಟ್ಯಾಂಕರ್ ಮತ್ತೆ ಬಂತು. ನೀರು ಉಳಿಯಲಿ ಅಂತ ಮಂಡಿಯಿಂದ ಹಳೇ ಗೋಣಿಚೀಲ ತಂದು ಹಾಸಿದೆವು, ಹರಿದು ಹೋಗದಂತೆ ಮಣ್ಣಿನ ಬದು ಕಟ್ಟಿದೆವು. ಗೋಣಿ ಹಾಸಿದರೆ ಕಮ್ಮಿ ನೀರು ಸಾಕು. ನಡುವೆ ಒಂದು ಸೀಮಂತ ಬಂತು, ಅಡುಗೆ ಸಾಮಾನಿನ ಕ್ಯಾಂಟರ್ ಒಳಗೆ ಬಿಡಬೇಕೆಂದು ಹಟ, ಬಿಡಲಿಲ್ಲ, ಪಾತ್ರೆಗಳನ್ನು ಹುಡುಗರೇ ಹೊತ್ತು ತಂದರು.

ಬಿಲ್ ಆಗುವ ಮುಂಚೆ ಎಂ.ಬಿ. (ಇಂಜಿನಿಯರ್ ಅಳತೆ ಬರೆಯುವ) ಪುಸ್ತಕದಲ್ಲಿ ಬರೆದ ಅಳತೆ ನೋಡಲು ಇನ್ನೊಂದು ಅರ್ಜಿ ಹಾಕಿ. ಕಾರ್ಯಾದೇಶದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ಅಂತಲೂ ಬರೆದುಕೊಳ್ಳಿ. ಆ ಅವಧಿಯಲ್ಲಿ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ಅವನ ಠೇವಣಿ ಪುರಸಭೆಯಲ್ಲೇ ಇರುತ್ತದೆ. ಫೋನಿನಲ್ಲಿ ಹೇಳಬೇಡಿ, ಪತ್ರ ಕೊಟ್ಟು ಟಪಾಲು ವಿಭಾಗದಲ್ಲಿ ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ನಮ್ಮಲ್ಲಿ ಮಳೆಗಾಲದಲ್ಲಿ ತಿರುವಿನ ಹತ್ತಿರ ನೀರು ನಿಂತಿತು, ಪತ್ರ ಕೊಟ್ಟ ಮೇಲೆ ಬಂದು ಅಷ್ಟು ಭಾಗ ಕಿತ್ತು ಮತ್ತೆ ಹಾಕಿದರು. ಯುಜಿಡಿ ಛೇಂಬರಿನ ಸುತ್ತ ಬಿಟ್ಟ ಬಿರುಕು ಇನ್ನೂ ಹಾಗೇ ಇದೆ, ಅದಕ್ಕೆ ಎರಡನೇ ಪತ್ರ ಹೋಗಿದೆ.