ಮೊದಲು ಕವರೇಜ್, ಆಮೇಲೆ ಬ್ಲಿಟ್ಜ್: ಪಿಟ್ಸ್‌ಬರ್ಗ್‌ನಲ್ಲಿ ನಾನು ಕಲಿತ ಡಿಫೆನ್ಸ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬ್ಲಿಟ್ಜ್ ಎಂದರೆ ಮಾಮೂಲಿಯಾಗಿ ನುಗ್ಗುವ ನಾಲ್ವರ ಜೊತೆ ಇನ್ನೊಬ್ಬನೋ ಇಬ್ಬರೋ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುವುದು. ನುಗ್ಗದೆ ಹಿಂದೆ ಉಳಿದವರು ಪಾಸ್‌ಗಳನ್ನು ಕಾಯುವ ಬಗೆಯೇ ಕವರೇಜ್. ಟಿವಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದೂ ಆ ನುಗ್ಗಾಟವೇ. ನಾನು ಪಿಟ್ಸ್‌ಬರ್ಗ್ ಹೊರವಲಯದ ಹೈಸ್ಕೂಲ್ ತಂಡವೊಂದರ ಡಿಫೆನ್ಸ್‌ಗೆ ಸಹಾಯಕ ಕೋಚ್. ಸಂಬಳವಿಲ್ಲದ ಕೆಲಸ, ಆಫೀಸು ಮುಗಿದ ಮೇಲೆ ಸಂಜೆ ಮೈದಾನಕ್ಕೆ ಹೋಗುತ್ತೇನೆ. ಮೂರನೇ ಡೌನ್‌ನ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಬ್ಲಿಟ್ಜ್‌ಗಳನ್ನು ಬರೆಯುವ ಹೊಣೆ ನನಗೆ ಬಂದಾಗ ನಾನು ಪಾಠ ಕಲಿತದ್ದು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳ ಫಿಲ್ಮ್‌ನಿಂದ. ಅಲ್ಲಿಂದ ಇಂದಿನವರೆಗೂ ಹಾಳೆಯ ಮೇಲೆ ನಾನು ಮೊದಲು ಗುರುತಿಸುವುದು ಯಾರು ನುಗ್ಗಬೇಕು ಎಂದಲ್ಲ, ನುಗ್ಗಿದಾಗ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು.

2012ರಲ್ಲಿ ಎನ್‌ಎಫ್‌ಎಲ್ ತನ್ನ ಆಲ್-22 ಫಿಲ್ಮ್ ಅನ್ನು ಸಾಮಾನ್ಯ ಪ್ರೇಕ್ಷಕರಿಗೂ ತೆರೆದಿಟ್ಟಿತು. ಮೈದಾನದಲ್ಲಿರುವ ಇಪ್ಪತ್ತೆರಡೂ ಆಟಗಾರರು ಕಾಣುವ ಎತ್ತರದ ಕ್ಯಾಮೆರಾ ಅದು. ಟಿವಿ ಪ್ರಸಾರದಲ್ಲಿ ಡಿಫೆನ್ಸ್‌ನ ಕೊನೆಯ ಕಾವಲಾಗಿ ಹಿಂದೆ ನಿಲ್ಲುವ ಸೇಫ್ಟಿಗಳು ಚಿತ್ರದ ಹೊರಗಿರುತ್ತಾರೆ. ಆಲ್-22 ಇಲ್ಲದಿದ್ದರೆ ನನ್ನಂಥವನಿಗೆ ಕವರೇಜ್ ಕಲಿಯುವ ದಾರಿಯೇ ಇರಲಿಲ್ಲ. ನನ್ನ ಕ್ರಮ ಹೀಗೆ. ಸ್ನ್ಯಾಪ್‌ಗೆ, ಅಂದರೆ ಲೈನ್‌ನ ನಡುವಿನ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದಕ್ಕೆ, ಮುಂಚೆ ಚಿತ್ರ ನಿಲ್ಲಿಸುತ್ತೇನೆ. ಅಫೆನ್ಸ್‌ನ ಐದು ಲೈನ್‌ಮ್ಯಾನ್‌ಗಳನ್ನೂ ರನ್ನಿಂಗ್ ಬ್ಯಾಕ್‌ನನ್ನೂ ನೋಡಿ, ಸೆಂಟರ್ ಯಾವ ಕಡೆ ವಾಲುತ್ತಾನೆ ಎಂದು ಊಹಿಸಿ ಬರೆದುಕೊಳ್ಳುತ್ತೇನೆ. ಆಮೇಲೆ ಓಡಿಸಿ ನೋಡುತ್ತೇನೆ. ನುಗ್ಗುವವರನ್ನು ಬಿಟ್ಟು ಬರೀ ಬ್ಲಾಕ್ ಮಾಡುವವರನ್ನು ನೋಡುವ ಅಭ್ಯಾಸ ಬರುವವರೆಗೆ ಬ್ಲಿಟ್ಜ್ ಅರ್ಥವಾಗುವುದಿಲ್ಲ.

ಏಕೆಂದರೆ ಪಾಸ್ ಪ್ರೊಟೆಕ್ಷನ್, ಅಂದರೆ ಎಸೆಯುವವರೆಗೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದು, ಒಂದು ಲೆಕ್ಕಾಚಾರ. ಬಹಳಷ್ಟು ತಂಡಗಳು ಮೂರನೇ ಡೌನ್‌ನಲ್ಲಿ ಅರ್ಧ ಸ್ಲೈಡ್ ಆಡುತ್ತವೆ. ಸೆಂಟರ್, ಎಡ ಗಾರ್ಡ್, ಎಡ ಟ್ಯಾಕಲ್ ಮೂವರೂ ಎಡಕ್ಕೆ ಸರಿದು ತಂತಮ್ಮ ಸಂದು ಕಾಯುತ್ತಾರೆ. ಬಲಗಡೆಯ ಗಾರ್ಡ್ ಮತ್ತು ಟ್ಯಾಕಲ್ ತಮ್ಮೆದುರಿನವನನ್ನು ಹಿಡಿಯುತ್ತಾರೆ, ಅಲ್ಲಿ ಇನ್ನೊಬ್ಬ ಬಂದರೆ ರನ್ನಿಂಗ್ ಬ್ಯಾಕ್ ನೋಡಿಕೊಳ್ಳಬೇಕು. ಆರು ಜನ ಕಾಯುವಾಗ ಐವರು ನುಗ್ಗಿದರೆ ಲೆಕ್ಕದಲ್ಲಿ ಅಫೆನ್ಸ್‌ಗೇ ಒಬ್ಬ ಹೆಚ್ಚು. ಆದರೆ ಆ ಐವರಲ್ಲಿ ನಾಲ್ವರು ಸೆಂಟರ್‌ನ ಬಲಕ್ಕೆ ಬಂದರೆ? ಅಲ್ಲಿ ಕಾಯುವವರು ಮೂವರೇ. ಎಡಗಡೆ ಮೂವರು ಸೇರಿ ಒಬ್ಬನನ್ನು ತಡೆಯುತ್ತಿರುತ್ತಾರೆ, ಎಡ ಟ್ಯಾಕಲ್ ಖಾಲಿ ಹುಲ್ಲಿಗೆ ಕೈ ಚಾಚಿ ನಿಂತಿರುತ್ತಾನೆ.

ಫೈರ್ ಝೋನ್ ಎಂಬ ಬ್ಲಿಟ್ಜ್‌ನ ಮೂಲ ಇದು. ಸ್ಲೈಡ್ ಎಡಕ್ಕೆ ಹೋಗಲಿ ಎಂದು, ಡಿಫೆನ್ಸ್ ಲೈನ್‌ನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನನ್ನು ಸೆಂಟರ್‌ನ ಎಡ ಸಂದಿಗೆ ತಂದು ನಿಲ್ಲಿಸುತ್ತೇವೆ. ಚೆಂಡು ಸ್ನ್ಯಾಪ್ ಆದೊಡನೆ ಅವನು ಹಿಂದಕ್ಕೆ ಸರಿದು ನಡುವಿನ ಜಾಗ ಕಾಯುತ್ತಾನೆ, ಆ ಕಡೆಯ ಡಿಫೆನ್ಸಿವ್ ಎಂಡ್ (ಲೈನ್‌ನ ಅಂಚಿನವನು) ಕೂಡ ಹಿಂದೆ ಸರಿಯುತ್ತಾನೆ. ಬಲಗಡೆಯಿಂದ ಇನ್ನೊಬ್ಬ ಲೈನ್‌ಬ್ಯಾಕರ್ ಮತ್ತು ನಿಕಲ್ (ಪಾಸ್ ಕಾಯಲು ಹಿಂದೆ ನಿಲ್ಲುವವರಲ್ಲಿ ಐದನೆಯವನು) ಒಟ್ಟಿಗೆ ಬರುತ್ತಾರೆ. ಉಳಿದ ಮೂವರು ಲೈನ್‌ಮ್ಯಾನ್‌ಗಳು ಸೇರಿ ನುಗ್ಗಿದವರು ಐವರು, ಹಿಂದೆ ಉಳಿದವರು ಆರು: ಮೂವರು ಆಳದಲ್ಲಿ, ಮೂವರು ಅವರ ಮುಂದೆ.

ಇನ್ನು ಚೆಂಡಿನ ಮಾತು. ಬಲಗಡೆಯಿಂದ ನಿಕಲ್ ಬರುವುದನ್ನು ಕಂಡ ಕ್ವಾರ್ಟರ್‌ಬ್ಯಾಕ್ ಏನು ಮಾಡುತ್ತಾನೆ? ನಿಕಲ್ ಬಿಟ್ಟುಬಂದ ಸ್ಲಾಟ್ ರಿಸೀವರ್‌ಗೆ (ಪಾಸ್ ಹಿಡಿಯುವವರಲ್ಲಿ ಒಳಗಡೆ ನಿಲ್ಲುವವನು) ತಟ್ಟನೆ ಎಸೆಯುತ್ತಾನೆ. ಇದೇ ಹಾಟ್ ರೂಟ್; ಎಷ್ಟೋ ವರ್ಷ ತಿದ್ದಿ ಕಲಿಸಿದ ಉತ್ತರ. ಹಾಗಾಗಿ ಬಲಗಡೆಯ ಸೇಫ್ಟಿ ಸ್ನ್ಯಾಪ್ ಹೊತ್ತಿಗೆ ಅಲ್ಲಿಗೇ ಇಳಿಯಬೇಕು. ಅದು ಮುಚ್ಚಿದೆ ಎಂದು ಎಡಕ್ಕೆ ತಿರುಗಿ ಸ್ಲ್ಯಾಂಟ್ (ಓರೆಯಾಗಿ ಒಳಕ್ಕೆ ಓಡುವವನಿಗೆ ಕೊಡುವ ಪಾಸ್) ಎಸೆದರೆ ಅಲ್ಲಿ, ನುಗ್ಗುತ್ತಾನೆಂದು ಎಲ್ಲರೂ ನಂಬಿದ್ದ ಎಂಡ್ ನಿಂತಿರುತ್ತಾನೆ. ಬೌನ್ಸರ್ ಹಾಕುವ ವೇಗಿ ಮೊದಲೇ ಡೀಪ್ ಸ್ಕ್ವೇರ್ ಲೆಗ್‌ಗೆ ಆಳು ಕಳಿಸುತ್ತಾನಲ್ಲ, ಲೆಕ್ಕ ಅದೇ. ನುಗ್ಗುವಿಕೆ ಕ್ವಾರ್ಟರ್‌ಬ್ಯಾಕ್‌ನ ಸಮಯ ಕಸಿಯುತ್ತದೆ, ಕವರೇಜ್ ಅವನ ಮೊದಲ ಉತ್ತರವನ್ನು ಕಸಿಯುತ್ತದೆ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅರ್ಥವಿಲ್ಲ. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಹಾಟ್ ಪಾಸ್ ಎರಡು ಸೆಕೆಂಡಿನೊಳಗೆ ಹೊರಟುಹೋಗುತ್ತದೆ, ಅಷ್ಟರಲ್ಲಿ ಯಾವ ಬ್ಲಿಟ್ಜೂ ಮುಟ್ಟುವುದಿಲ್ಲ.

ಈ ಯೋಚನೆಗೆ ಪಿಟ್ಸ್‌ಬರ್ಗ್‌ಗಿಂತ ಒಳ್ಳೆಯ ಊರಿಲ್ಲ. ಮಯಾಮಿಯಲ್ಲಿ ಕೋಚ್ ಬಿಲ್ ಆರ್ನ್ಸ್‌ಪಾರ್ಗರ್ ಬಿತ್ತಿದ್ದನ್ನು ಕೋಚ್ ಡಿಕ್ ಲೆಬೋ 1980ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಝೋನ್ ಬ್ಲಿಟ್ಜ್ ಆಗಿ (ಫೈರ್ ಝೋನ್ ಇದರದೇ ಒಂದು ರೂಪ) ಬೆಳೆಸಿ, 1992ರಲ್ಲಿ ಪಿಟ್ಸ್‌ಬರ್ಗ್‌ನ ತಂಡವಾದ ಸ್ಟೀಲರ್ಸ್‌ಗೆ ತಂದರು. ಆ ದಶಕದಲ್ಲಿ ಈ ಊರಿನ ಡಿಫೆನ್ಸ್‌ಗೆ ‘ಬ್ಲಿಟ್ಜ್‌ಬರ್ಗ್’ ಎಂದೇ ಹೆಸರಾಯಿತು. 2004ರಿಂದ 2014ರವರೆಗೆ ಲೆಬೋ ಮತ್ತೆ ಇಲ್ಲಿ ಡಿಫೆನ್ಸ್ ನಡೆಸಿದರು. ನಮ್ಮ ತಂಡದ ಹುಡುಗರ ತಂದೆಯರಿಗೆ ಆ ಆಟಗಳೆಲ್ಲ ಬಾಯಿಪಾಠ. ಅವರಲ್ಲಿ ಹಲವರು ಲೆಬೋ ಅವರ ಝೋನ್ ಬ್ಲಿಟ್ಜ್‌ಗೆ ಉದಾಹರಣೆಯಾಗಿ 2009ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಎನ್‌ಎಫ್‌ಎಲ್‌ನ ಫೈನಲ್) ಸ್ಟೀಲರ್ಸ್‌ನ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ಚೆಂಡು ಕಸಿದು 100 ಗಜ ಓಡಿದ್ದನ್ನು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಆಟದಲ್ಲಿ ಹ್ಯಾರಿಸನ್‌ಗೆ ಇದ್ದ ಸೂಚನೆ ನುಗ್ಗು ಎಂದೇ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಬೇಗ ಎಸೆಯುತ್ತಾರೆಂದು ಗ್ರಹಿಸಿ ಆತ ತಾನಾಗಿಯೇ ಹಿಂದೆ ಸರಿದ. ಆದರೂ ಅದನ್ನು ನಮ್ಮ ಎಂಡ್‌ಗಳಿಗೆ ಮತ್ತೆ ಮತ್ತೆ ತೋರಿಸುತ್ತೇನೆ. ನುಗ್ಗುತ್ತಾನೆಂದು ಲೆಕ್ಕ ಹಾಕಿದವನು ನುಗ್ಗದಿದ್ದರೆ ವಾರ್ನರ್‌ನಂಥ ಕ್ವಾರ್ಟರ್‌ಬ್ಯಾಕ್ ಕಣ್ಣಿಗೂ ಕಾಣುವುದಿಲ್ಲ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಹದಿನೇಳು ವರ್ಷದ ಎಂಡ್‌ಗೆ ಹಿಂದೆ ಸರಿಯುವುದನ್ನು ಕಲಿಸುವುದೇ ನನ್ನ ಕೆಲಸದ ದೊಡ್ಡ ಭಾಗ. ಚಿಕ್ಕಂದಿನಿಂದ ಅವನಿಗೆ ಮುಂದೆ ಹೋಗು ಎಂದಷ್ಟೇ ಹೇಳಿರುತ್ತಾರೆ. “ಕೋಚ್, ನಾನು ಹಿಂದೆ ಹೋದರೆ ಸ್ಯಾಕ್ ಯಾರದು?” ಎಂದು ಒಬ್ಬ ನೇರವಾಗಿ ಕೇಳಿದ್ದ. ಸ್ಯಾಕ್ ಎಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು. ಅವನನ್ನು ಕೂರಿಸಿಕೊಂಡು ಫಿಲ್ಮ್‌ನಲ್ಲಿ ಅವನೆದುರು ನಿಂತ ಟ್ಯಾಕಲ್‌ನ ಕಾಲು ತೋರಿಸಿದೆ. ಅವನು ಬರುತ್ತಾನೆಂದು ಟ್ಯಾಕಲ್ ಹಿಂದೆ ಜಾರುತ್ತಾನೆ, ಕಾಯುತ್ತಾನೆ, ಅತ್ತ ಬಲಗಡೆ ನಿಕಲ್ ಯಾರ ಕೈಗೂ ಸಿಗದೆ ಒಳಗೆ ಹೋಗುತ್ತಾನೆ. ಅಂದಿನಿಂದ ಆ ಹುಡುಗ ಟ್ಯಾಕಲ್‌ನ ಎದೆಗೆ ಕೈ ಕೊಟ್ಟು, ಒಂದು ಹೆಜ್ಜೆ ಗಟ್ಟಿಯಾಗಿ ಇಟ್ಟು, ಆಮೇಲೆ ಸರಿಯುತ್ತಾನೆ. ಕಣ್ಣು ಮಾತ್ರ ಕ್ವಾರ್ಟರ್‌ಬ್ಯಾಕ್ ಮೇಲಲ್ಲ, ಒಳಗಿನ ರಿಸೀವರ್ ಮೇಲೆ. ಬೆನ್ನು ತೋರಿಸಿ ಓಡಬಾರದು. ಇಷ್ಟಕ್ಕೇ ನಾವು ಪ್ರತಿ ಅಭ್ಯಾಸದಲ್ಲೂ ಸಮಯ ಎತ್ತಿಡುತ್ತೇವೆ.

ಸೇಫ್ಟಿಗಳದ್ದು ಇನ್ನೊಂದು ಬಗೆಯ ತಾಳ್ಮೆ. ಬೇಗ ಇಳಿದರೆ ಗುಟ್ಟು ರಟ್ಟು, ತಡವಾದರೆ ಹಾಟ್ ರೂಟ್ ತೆರೆದೇ ಇರುತ್ತದೆ. ಇದಕ್ಕೆ ಸ್ಟೀಲರ್ಸ್‌ನ ಸೇಫ್ಟಿ ಆಗಿದ್ದ ಟ್ರಾಯ್ ಪೊಲಮಾಲು ಅವರ ಫಿಲ್ಮ್ ತೋರಿಸಿ, ನಕಲು ಮಾಡಬೇಡಿ ಎಂದೂ ಹೇಳುತ್ತೇನೆ. ಅವರಷ್ಟು ದೂರದಿಂದ ಹೊರಟು ತಲುಪುವ ಕಾಲು ಬೇರೆಯವರಿಗಿಲ್ಲ. ನಮ್ಮವರು ನೋಡಬೇಕಾದ್ದು ಕ್ವಾರ್ಟರ್‌ಬ್ಯಾಕ್‌ನ ಕೂಗಿನ ಲಯ, ಸೆಂಟರ್‌ನ ತಲೆ, ಸ್ನ್ಯಾಪ್‌ಗೆ ಉಳಿದ ಸೆಕೆಂಡು ತೋರಿಸುವ ಪ್ಲೇ ಕ್ಲಾಕ್.

ಕವರ್ ಝೀರೋ, ಅಂದರೆ ಹಿಂದೆ ಸೇಫ್ಟಿಯೇ ಇಲ್ಲದೆ ಎಲ್ಲರೂ ಒಬ್ಬೊಬ್ಬರ ಮೇಲೆ ನಿಲ್ಲುವುದು, ನನ್ನ ಹಾಳೆಯಲ್ಲಿ ಬಹಳ ಕಡಿಮೆ. ಒಬ್ಬ ಜಾರಿದರೆ ಟಚ್‌ಡೌನ್. ಹಾಗೆಂದು ಅದನ್ನು ತೋರಿಸುವುದನ್ನು ಬಿಡಬೇಕಿಲ್ಲ. 2021ರ ನವೆಂಬರ್ 11ರಂದು ಬ್ರಯಾನ್ ಫ್ಲೋರೆಸ್ ಅವರ ಮಯಾಮಿ ಡಾಲ್ಫಿನ್ಸ್, ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಇದ್ದ ಬಾಲ್ಟಿಮೋರ್ ರೇವನ್ಸ್ ಅನ್ನು 22-10ರಲ್ಲಿ ಸೋಲಿಸಿದ ಆಟ ನೋಡಿ. ಸಾಲಿಗೆ ಜನರನ್ನು ತುಂಬಿಸಿ, ಎಲ್ಲರೂ ಬರುವಂತೆ ನಿಲ್ಲಿಸಿ, ಕೆಲವರನ್ನು ಹಿಂದೆಳೆದು, ಹೊರಗಿನಿಂದ ಸೇಫ್ಟಿಗಳನ್ನು ಬಿಟ್ಟರು. ನಡುವಿನವರನ್ನು ತಡೆಯಲೇಬೇಕಾದ ಲೈನ್ ಅಂಚಿನಿಂದ ಬರುವವರನ್ನು ಬಿಟ್ಟುಕೊಡಬೇಕಾಯಿತು. ಮಿನ್ನೆಸೋಟಾಗೆ ಹೋದ ಮೇಲೂ ಫ್ಲೋರೆಸ್ ಇದನ್ನೇ ಬೆಳೆಸಿದರು: ಒಂದೇ ನಿಲುವಿನಿಂದ ಒಮ್ಮೆ ಆರು ಜನ ನುಗ್ಗುತ್ತಾರೆ, ಇನ್ನೊಮ್ಮೆ ಮೂವರೇ.

ಸ್ಟೀವ್ ಸ್ಪ್ಯಾಗ್ನುವೊಲೊ ಬಗ್ಗೆ ನನಗೆ ವಿಶೇಷ ಗೌರವ. ಫಿಲಡೆಲ್ಫಿಯಾದಲ್ಲಿ ಡಿಫೆನ್ಸ್ ಕೋಚ್ ಜಿಮ್ ಜಾನ್ಸನ್ ಕೈಕೆಳಗೆ ಬೆಳೆದವರು. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಅವರು ಕಾನ್ಸಾಸ್ ಸಿಟಿಯ ಡಿಫೆನ್ಸ್ ನಡೆಸುತ್ತಿದ್ದರು. ನಾಲ್ಕನೇ ಕ್ವಾರ್ಟರ್ ಮುಗಿಯುತ್ತಾ ಬಂದಿತ್ತು, ಸ್ಯಾನ್ ಫ್ರಾನ್ಸಿಸ್ಕೊಗೆ ಮೂರನೇ ಡೌನ್, ಐದು ಗಜ. ಫಸ್ಟ್ ಡೌನ್ ಸಿಕ್ಕಿದ್ದರೆ ಗಡಿಯಾರವೆಲ್ಲ ಅವರ ಕೈಯಲ್ಲಿ. ಎಷ್ಟೋ ಕೋಚ್‌ಗಳು ಅಲ್ಲಿ ಹಿಂದೆ ಕೂರುತ್ತಾರೆ. ಸ್ಪ್ಯಾಗ್ನುವೊಲೊ ಮಾತ್ರ, ರಿಸೀವರ್‌ಗಳನ್ನು ಕಾಯಬೇಕಾದ ಕಾರ್ನರ್ ಟ್ರೆಂಟ್ ಮೆಕ್‌ಡಫಿಯನ್ನು ನುಗ್ಗಿಸಿದರು. ಅವನು ಹಾರಿ ಬ್ರಾಕ್ ಪರ್ಡಿಯ ಪಾಸ್‌ಗೆ ಕೈ ತಾಗಿಸಿದ. ಫಲವಾಗಿ ಫೀಲ್ಡ್ ಗೋಲ್ ಅಷ್ಟೇ. ಕಾನ್ಸಾಸ್ ಸಿಟಿ ಓವರ್‌ಟೈಮ್‌ನಲ್ಲಿ 25-22ಕ್ಕೆ ಗೆದ್ದಿತು. ಮೆಕ್‌ಡಫಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲಿಲ್ಲ ಎನ್ನುವುದನ್ನು ಹುಡುಗರು ಗಮನಿಸಬೇಕೆಂದು ನನ್ನ ಆಸೆ. ಎಸೆಯುವ ದಾರಿಗೆ ಅಡ್ಡ ಬಂದ, ಅಷ್ಟು ಸಾಕಾಯಿತು.

ಹೈಸ್ಕೂಲ್ ಮೈದಾನದಲ್ಲಿ ಇದೆಲ್ಲವನ್ನೂ ಇದ್ದ ಹಾಗೇ ತರಲಾಗದು. ಚೆಂಡನ್ನು ಹ್ಯಾಷ್ ಗುರುತುಗಳ ಮೇಲೆ ಇಲ್ಲವೇ ಅವುಗಳ ನಡುವೆ ಇಟ್ಟೇ ಆಟ ಶುರುವಾಗುತ್ತದೆ. ಆ ಗುರುತುಗಳ ನಡುವೆ ನಮ್ಮಲ್ಲಿ 53 ಅಡಿ 4 ಅಂಗುಲ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಹೀಗಾಗಿ ನಮ್ಮ ಆಟದಲ್ಲಿ ಒಂದು ಕಡೆ ತೀರಾ ಅಗಲ, ಇನ್ನೊಂದು ಕಡೆ ತೀರಾ ಕಿರಿದು. ಅಗಲದ ಕಡೆಯಿಂದ ನಿಕಲ್ ಹೊರಟರೆ ತಲುಪುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಅದಕ್ಕೆ ನಾನು ಹೆಚ್ಚಿನ ಬ್ಲಿಟ್ಜ್‌ಗಳನ್ನು ಕಿರಿದಾದ ಕಡೆಯಿಂದ ಬರೆಯುತ್ತೇನೆ, ಹಿಂದೆ ಸರಿಯುವ ಎಂಡ್ ಅಗಲದ ಕಡೆಯವನು. ಹೆಸರುಗಳೂ ಕಡಿಮೆ. ಒಂದು ವಾರಕ್ಕೆ ಮೂರು ಬ್ಲಿಟ್ಜ್, ಮೂರಕ್ಕೂ ಹಿಂದೆ ಒಂದೇ ಕವರೇಜ್. ನುಗ್ಗುವವರು ಬದಲಾದರೂ ಹಿಂದಿನ ಆರು ಜಾಗ ಬದಲಾಗದಿದ್ದರೆ ಹುಡುಗರು ಯೋಚಿಸುತ್ತಾ ನಿಲ್ಲುವುದಿಲ್ಲ.

ಈಗ ಕ್ರೀಪರ್ ಎಂಬ ಇನ್ನೊಂದು ತಂತ್ರ ಕಲಿಸುತ್ತಿದ್ದೇನೆ. ನುಗ್ಗುವವರು ನಾಲ್ವರೇ, ಆದರೆ ಅವರಲ್ಲೊಬ್ಬ ಲೈನ್‌ಬ್ಯಾಕರ್ ಅಥವಾ ನಿಕಲ್; ಅವನ ಬದಲು ಒಬ್ಬ ಲೈನ್‌ಮ್ಯಾನ್ ಹಿಂದೆ ಸರಿಯುತ್ತಾನೆ. ಕಾಯಲು ಏಳು ಜನ ಉಳಿಯುತ್ತಾರೆ, ಆದರೂ ಅಫೆನ್ಸ್‌ನ ಸ್ಲೈಡ್ ತಪ್ಪು ಕಡೆಗೆ ಹೋಗುತ್ತದೆ. ಬಾಲ್ಟಿಮೋರ್‌ನಲ್ಲಿ ಮೈಕ್ ಮ್ಯಾಕ್‌ಡೊನಾಲ್ಡ್ 2022 ಮತ್ತು 2023ರಲ್ಲಿ ನಡೆಸಿದ ಡಿಫೆನ್ಸ್‌ನ ಫಿಲ್ಮ್ ಇದಕ್ಕೆ ನನ್ನ ಪಠ್ಯ. ಫೈರ್ ಝೋನ್‌ನಲ್ಲಿ ಹಿಂದೆ ಸರಿಯಲು ಕಲಿತ ಎಂಡ್‌ಗೆ ಇಲ್ಲಿ ಹೊಸದಾಗಿ ಹೇಳಬೇಕಾದ್ದು ಒಂದೇ: ಈ ಸಲ ಅಂಚಿನ ಕಡೆಯ ಫ್ಲ್ಯಾಟ್‌ಗೆ ಹೋಗಬೇಡ, ಒಳಗೆ ನಡುವಿನ ಕಡೆಯ ಹುಕ್ ಜಾಗದಲ್ಲಿ ನಿಲ್ಲು, ನಿನ್ನ ಹೊರಗೆ ಇನ್ನೊಬ್ಬನಿದ್ದಾನೆ.