ಕೋಡಿ ಬಿತ್ತು ಅಂದ್ರೆ ಕೆರೆ ಒಡೀತು ಅಂತಲ್ಲ: ಪಿಎಚ್‌ಡಿ ಕೆಲಸಕ್ಕೆ ಎಐ ಬಳಸಿದ ನನ್ನ ಅನುಭವ

ನನ್ನ ಪಿಎಚ್‌ಡಿ ವಿಷಯ ಕೋಲಾರ ಜಿಲ್ಲೆ ಕೆರೆಗಳು, ಅದ್ರಲ್ಲೂ ನೀರಗಂಟಿಗಳು. ನೀರಗಂಟಿ ಅಂದ್ರೆ ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ಸರದಿ ಪ್ರಕಾರ ನೀರು ಬಿಡೋರು, ಬಹಳಷ್ಟು ಊರಲ್ಲಿ ದಲಿತ ಕುಟುಂಬದವರು, ಅಪ್ಪನಿಂದ ಮಗನಿಗೆ ಬಂದ ಕೆಲಸ, ಸುಗ್ಗಿ ಟೈಮಲ್ಲಿ ಕಣದ ಹತ್ರ ಹೋದ್ರೆ ಇಂತಿಷ್ಟು ಅಂತ ರೈತರು ಅವರಿಗೆ ಕಾಳು ಕೊಡೋರು. ಬೋರ್‌ವೆಲ್ ಬಂದು ಕೆರೆ ಒಣಗಿ ಆ ಕೆಲಸ ಹೋಯ್ತು, ಈಗ ಅದರ ಬಗ್ಗೆ ಬಾಯಿಬಿಟ್ಟು ಹೇಳಬಲ್ಲೋರೆಲ್ಲ ಎಪ್ಪತ್ತು ದಾಟಿದವರು. ಅವರ ಮಾತು ಸುಮಾರು 60 ಗಂಟೆ ರೆಕಾರ್ಡ್ ಮಾಡ್ಕೊಂಡಿದೀನಿ.

ಒಂದು ಗಂಟೆ ಆಡಿಯೋ ಕೇಳಿ ಕೇಳಿ ಬರೆದು ಮುಗ್ಸೋಕೆ ನನಗೆ ಆರೇಳು ಗಂಟೆ ಬೇಕು. 60 ಗಂಟೆಗೆ ಲೆಕ್ಕ ಹಾಕಿ ನೋಡಿ. ಅದಕ್ಕೇ 2023ರಲ್ಲಿ ಎಲ್ಲರ ಬಾಯಲ್ಲೂ ಎಐ ಶುರುವಾದಾಗ ನಾನೂ ಹಿಡ್ಕೊಂಡೆ. ಉಪಯೋಗ ಆಗ್ಲಿಲ್ಲ ಅಂತ ನಾನು ಹೇಳಲ್ಲ, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಥೀಸಿಸ್ ಬರೀಬೇಕಾಗಿರೋದು ಇಂಗ್ಲಿಷಲ್ಲಿ, ನಾನು ಬರೆದ ಪ್ಯಾರಾ ಹಾಕಿ ವ್ಯಾಕರಣ ತಪ್ಪು ಎಲ್ಲಿದೆ ತೋರ್ಸು ಅಂದ್ರೆ ಚೆನ್ನಾಗೇ ತೋರಿಸ್ತಿತ್ತು, ಯಾಕೆ ತಪ್ಪು ಅಂತಾನೂ ತಾಳ್ಮೆಯಿಂದ ಹೇಳ್ತಿತ್ತು. ಅಷ್ಟು ತಾಳ್ಮೆ ಇರೋ ಮೇಷ್ಟ್ರು ನನಗೆ ಸಿಕ್ಕಿರಲಿಲ್ಲ.

ಎಡವಟ್ಟಾಗಿದ್ದು ಆಡಿಯೋ ಕೊಟ್ಟಾಗ. ಕೋಲಾರದ ಕಡೆ ಮಾತು ನಿಮಗೆ ಗೊತ್ತಲ್ಲ, ಒಂದೇ ವಾಕ್ಯದಲ್ಲಿ ತೆಲುಗು ಅರ್ಧ ಕನ್ನಡ ಅರ್ಧ. ತೆಲುಗು ಬಂದ ಕಡೆಯೆಲ್ಲ ಆ ಸಾಫ್ಟ್‌ವೇರ್ ಹಾರಿಸಿಬಿಡೋದು, ಇಲ್ಲಾಂದ್ರೆ ಏನೋ ಒಂದು ಕನ್ನಡ ಪದ ತಂದು ತುಂಬ್ಸೋದು. ಒಬ್ಬ ನೀರಗಂಟಿ ಅಜ್ಜ ಬೀಡಿ ಹಚ್ಕೊಳ್ಳೋಕೆ ಅಂತ ಸುಮ್ನಾದ ಕಡೆ, ಆಡಿಯೋದಲ್ಲಿ ಬರೀ ಗಾಳಿ ಸದ್ದು ಇರೋ ಕಡೆ, ಅವರು ಆಡದೇ ಇರೋ ಒಂದು ಪೂರ್ತಿ ವಾಕ್ಯ ಕೂತಿತ್ತು. ಆಡಿಯೋ ಜೊತೆ ಇಟ್ಟು ನೋಡದಿದ್ರೆ ಅದು ನಂಗೆ ಯಾವತ್ತೂ ಗೊತ್ತಾಗ್ತಾ ಇರ್ಲಿಲ್ಲ, ಯಾಕಂದ್ರೆ ವಾಕ್ಯ ಅಷ್ಟು ಸಹಜವಾಗಿತ್ತು.

ಆಮೇಲೆ ಅನುವಾದ. 2021ರ ನವೆಂಬರ್ ಮಳೆ ನೆನಪಿರಬಹುದು, ಕೋಲಾರದಲ್ಲಿ ಎಷ್ಟೋ ವರ್ಷದಿಂದ ತುಂಬದೇ ಇದ್ದ ಕೆರೆಗಳೆಲ್ಲ ತುಂಬಿ ಹರಿದವು. ಅದನ್ನ ಅದೇ ಅಜ್ಜ ಹೇಳಿದ್ದು ಹೀಗೆ: 'ನಮ್ ಕೆರೆ ಕೋಡಿ ಬಿತ್ತು ನೋಡು, ಊರಿಗೆ ಊರೇ ಏರಿ ಮೇಲೆ ನಿಂತಿತ್ತು.' ಎಐ ಇಂಗ್ಲಿಷಿಗೆ ತಂದಿದ್ದು ಏನಂದ್ರೆ, ಕೆರೆ ಕಟ್ಟೆ ಕುಸಿದು ಬಿತ್ತು, ಜನ ಎತ್ತರದ ಜಾಗಕ್ಕೆ ಓಡಿ ಹೋದ್ರು. ಕೋಡಿ ಬೀಳೋದು ಅಂದ್ರೆ ಕೆರೆ ತುಂಬಿ ಹೆಚ್ಚಾದ ನೀರು ಕೋಡಿ ಮೇಲೆ, ಅಂದ್ರೆ ಅದು ಹೊರಗೆ ಹೋಗೋಕೆ ಅಂತಲೇ ಬಿಟ್ಟಿರೋ ದಾರಿ ಮೇಲೆ, ಹರಿಯೋದು, ಊರಿಗೆ ಹಬ್ಬ ಅದು, ಬಾಗಿನ ಬಿಡ್ತಾರೆ, ಅವತ್ತು ಆ ಅಜ್ಜನ ಕಣ್ಣಲ್ಲಿ ನೀರು ಬಂದಿತ್ತು ಖುಷಿಗೆ. ಒಡೆಯೋದು ಏರಿ, ಅಂದ್ರೆ ಕೆರೆ ಕಟ್ಟೆ. ಕೋಡಿ ಒಂದು, ಏರಿ ಒಂದು. ಅವರ ಜೀವನದ ಅತಿ ದೊಡ್ಡ ಸಂತೋಷ ನನ್ನ ಥೀಸಿಸ್ಸಲ್ಲಿ ದುರಂತ ಅಂತ ಅಚ್ಚಾಗೋದ್ರಲ್ಲಿತ್ತು, ಅದೂ ಯಾರಿಗೂ ಅನುಮಾನ ಬರದಂಥ ಚೊಕ್ಕ ಇಂಗ್ಲಿಷಲ್ಲಿ.

ಹಿಂಗೇ ಇನ್ನೊಂದು. ಹಳೇ ಶಾಸನಗಳಲ್ಲಿ ಬಿತ್ತುವಟ್ಟ ಅಂತ ಬರುತ್ತೆ, ಕೆರೆ ಕಟ್ಟೋದಕ್ಕೆ, ನೋಡ್ಕೊಳ್ಳೋದಕ್ಕೆ ಅಂತ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು. ಎಐ ಕೇಳಿದ್ರೆ ಬಿತ್ತನೆ ಬೀಜದ ಮೇಲಿನ ತೆರಿಗೆ ಅಂತು, ಆಧಾರ ಕೊಡು ಅಂದಿದ್ದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 10ನೇ ಸಂಪುಟ, ಮುಳಬಾಗಿಲು ತಾಲೂಕು, ಇಂಥ ನಂಬರ್ ಅಂತ ಕೊಡ್ತು. ಸಂಪುಟ ಸರಿ, ಬಿ.ಎಲ್. ರೈಸ್ ಅವರು 1905ರಲ್ಲಿ ತಂದ ಕೋಲಾರ ಜಿಲ್ಲೆ ಶಾಸನಗಳದ್ದೇ, ತಾಲೂಕುವಾರು ನಂಬರ್ ಇರೋದೂ ಸರಿ. ಲೈಬ್ರರಿಗೆ ಹೋಗಿ ಆ ನಂಬರ್ ತೆಗೆದ್ರೆ ಅಲ್ಲಿ ಕೆರೆ ಸುದ್ದಿನೇ ಇಲ್ಲ, ದೇವಸ್ಥಾನಕ್ಕೆ ಕೊಟ್ಟ ದಾನ. ಪೂರ್ತಿ ಸುಳ್ಳಾಗಿದ್ರೆ ಬೇಗ ಗೊತ್ತಾಗ್ತಿತ್ತು, ಮುಕ್ಕಾಲು ನಿಜದ ಜೊತೆ ಬಂದ ಸುಳ್ಳನ್ನ ಹಿಡಿಯೋಕೆ ನನಗೆ ಒಂದು ದಿನ ಪೂರ್ತಿ ಹೋಯ್ತು.

ಇನ್ನು ಪರೀಕ್ಷೆ ಮಾಡೋ ಸಾಫ್ಟ್‌ವೇರ್ ವಿಷಯ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ಒಳಗಿದ್ರೆ ತೊಂದರೆ ಇಲ್ಲ, ನಂದು ಅದರೊಳಗೇ ಇತ್ತು. ಆದ್ರೆ ಎಐ ಪತ್ತೆ ಮಾಡೋ ಇನ್ನೊಂದು ಸಾಫ್ಟ್‌ವೇರ್, ನಾನು ಡಿಕ್ಷನರಿ ಪಕ್ಕ ಇಟ್ಕೊಂಡು ಒಂದೊಂದು ವಾಕ್ಯ ಕಟ್ಟಿದ್ದ ಅಧ್ಯಾಯವನ್ನೇ ಯಂತ್ರ ಬರೆದಿದ್ದು ಅಂತ ತೋರಿಸ್ತು. ತುಂಬಾ ನೋವಾಯ್ತು. ಆಮೇಲೆ ಓದಿದಾಗ ಗೊತ್ತಾಯ್ತು, 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆದ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳನ್ನ ಇಂಥ ಏಳು ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದ್ರೆ ಸರಾಸರಿ 61 ಪರ್ಸೆಂಟ್ ಪ್ರಬಂಧಗಳನ್ನ ಎಐ ಬರೆದಿದ್ದು ಅಂದಿದ್ವಂತೆ. ನಮಗೆ ಗೊತ್ತಿರೋ ಪದಗಳು ಕಮ್ಮಿ, ವಾಕ್ಯ ಸರಳ, ಅದೇ ಅದಕ್ಕೆ ಯಂತ್ರದ ಥರ ಕಾಣುತ್ತೆ. ಓಪನ್‌ಎಐ ತಾನೇ ಮಾಡಿದ್ದ ಪತ್ತೆ ಸಾಫ್ಟ್‌ವೇರನ್ನ ಸರಿಯಾಗಿ ಗುರುತಿಸ್ತಾ ಇಲ್ಲ ಅಂತ 2023ರ ಜುಲೈನಲ್ಲೇ ವಾಪಸ್ ತಗೊಂಡಿತ್ತು. ಕನ್ನಡ ಮೀಡಿಯಂ ಹುಡುಗ್ರು ಹುಡುಗೀರ ಮೇಲೆ ಇದನ್ನ ನಂಬ್ಕೊಂಡು ತಪ್ಪು ಹೊರ್ಸೋದು ಅನ್ಯಾಯ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ನನ್ನನ್ನ ಉಳಿಸಿದ್ದು ಕೈಬರಹದ ನೋಟ್ಸು ಮತ್ತೆ ಗೂಗಲ್ ಡಾಕ್ಸ್‌ನಲ್ಲಿದ್ದ ಹಳೇ ಡ್ರಾಫ್ಟುಗಳು, ದಿನಾಂಕದ ಸಮೇತ. ನೀವೂ ಯಾವ ಡ್ರಾಫ್ಟೂ ಅಳಿಸ್ಬೇಡಿ.

ಇದೆಲ್ಲ ತಿದ್ಕೊಳ್ಳಬಹುದಾದ ತಪ್ಪುಗಳು. ತಿದ್ಕೊಳ್ಳೋಕಾಗದ್ದು ಒಂದು ಮಾಡಿದೀನಿ, ಅದನ್ನ ಹೇಳೋಕೇ ಇಷ್ಟು ಬರೆದೆ.

ಅದೇ ಅಜ್ಜನ ಆಡಿಯೋದಲ್ಲಿ ಕೊನೆಗೆ ಹದಿನೇಳು ನಿಮಿಷ ಕೆರೆ ಒತ್ತುವರಿ ಬಗ್ಗೆ ಇದೆ. ಯಾರ್ಯಾರು ಎಷ್ಟೆಷ್ಟು ಒಳಗೆ ಬಂದವ್ರೆ, ಯಾರ ಕಾಲದಲ್ಲಿ ರಾಜಕಾಲುವೆ ಮುಚ್ಚಿದ್ರು, ಹೆಸರು ಹಿಡಿದು ಹೇಳಿದಾರೆ, ಅವರಲ್ಲಿ ಇಬ್ಬರ ಹೊಲದಲ್ಲಿ ಅಜ್ಜನ ಮಗ ಇವತ್ತಿಗೂ ಕೂಲಿಗೆ ಹೋಗ್ತಾನೆ. ಒಪ್ಪಿಗೆ ಪತ್ರ ಓದಿ ಹೇಳುವಾಗ ನಾನು ಅಂದಿದ್ದು, ಇದು ನನ್ನ ಹತ್ರ, ನಮ್ಮ ಗೈಡ್ ಹತ್ರ ಬಿಟ್ರೆ ಎಲ್ಲಿಗೂ ಹೋಗಲ್ಲ ತಾತ ಅಂತ. ಅವರು ಹೆಬ್ಬೆಟ್ಟು ಒತ್ತಿದ್ರು. ಆಮೇಲೆ ನಾನು ಆ ಪೂರ್ತಿ ಫೈಲನ್ನ ಯಾವುದೋ ಕಂಪನಿ ಸರ್ವರ್‌ಗೆ ಅಪ್‌ಲೋಡ್ ಮಾಡಿದೆ, ಸೆಟ್ಟಿಂಗ್ಸ್ ಒಳಗೆ ನಮ್ಮ ಡೇಟಾನ ಟ್ರೈನಿಂಗಿಗೆ ಬಳಸ್ಕೋಬಹುದು ಅನ್ನೋದು ಆನ್ ಇತ್ತು, ನೋಡಿರಲಿಲ್ಲ. ಹೊಳೆದಿದ್ದು ನಾಲ್ಕು ತಿಂಗಳಾದ ಮೇಲೆ.

ಬಸ್ ಹತ್ತಿ ಊರಿಗೆ ಹೋದೆ, ಹೇಳ್ದೆ. ಎಐ, ಸರ್ವರ್ ಅಂತೆಲ್ಲ ಹೇಗೆ ಹೇಳೋದು, ದೂರದಲ್ಲಿರೋ ಬೇರೆಯವರ ಕಂಪ್ಯೂಟರಿಗೆ ನಿಮ್ಮ ದನಿ ಹೋಗಿದೆ ತಾತ, ನಾನೇ ಕಳ್ಸಿದ್ದು, ಕೇಳದೇ ಕಳ್ಸಿದೆ ಅಂದೆ. ಅವರು ಕೇಳಿದ್ದು 'ಆ ಹೆಸ್ರುಗಳೂ ಹೋದ್ವಾ?' ಅಂತ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಅದೊಂದು ತೆಗ್ದಾಕು' ಅಂದ್ರು. ನನ್ನ ಲ್ಯಾಪ್‌ಟಾಪಲ್ಲಿ, ಪೆನ್‌ಡ್ರೈವಲ್ಲಿ ಅವರ ಮುಂದೇನೇ ತೆಗ್ದೆ, ಅಕೌಂಟಿಂದಾನೂ ಡಿಲೀಟ್ ಮಾಡ್ದೆ. ಅಲ್ಲಿಂದ ನಿಜವಾಗಲೂ ಹೋಯ್ತಾ ಅಂತ ಅವರು ಕೇಳಿದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಈಗ ಆಡಿಯೋ ಯಾವುದೂ ಇಂಟರ್‌ನೆಟ್ಟಿಗೆ ಹೋಗಲ್ಲ, ಇಯರ್‌ಫೋನ್ ಹಾಕ್ಕೊಂಡು ನಾನೇ ಬರೀತೀನಿ, ಇನ್ನೂ 22 ಗಂಟೆಯದ್ದು ಬಾಕಿ ಇದೆ. ಇಂಗ್ಲಿಷ್ ವ್ಯಾಕರಣಕ್ಕೆ ಎಐ ಈಗಲೂ ಬಳಸ್ತೀನಿ, ಎಲ್ಲೆಲ್ಲಿ ಬಳಸಿದೆ ಅಂತ ಥೀಸಿಸ್ ಶುರುವಲ್ಲೇ ಅರ್ಧ ಪುಟ ಬರೆದಿದೀನಿ. ಒಪ್ಪಿಗೆ ಪತ್ರಕ್ಕೂ ಒಂದು ಸಾಲು ಸೇರ್ಸಿದೀನಿ, ನಿಮ್ಮ ದನಿಯನ್ನ ಯಾವ ಯಂತ್ರಕ್ಕೂ ಕೇಳ್ಸಲ್ಲ ಅಂತ, ಬರೋ ವಾರ ಮಾಲೂರು ಕಡೆ ಹೋದಾಗ ಅದನ್ನ ಮೊದಲ ಸಲ ಓದಿ ಹೇಳ್ಬೇಕು.